ಸೂಪರ್‌ಹೀರೋ ಕಾಮಿಕ್ಸ್ ಎಲ್ಲಿಂದ ಶುರು ಮಾಡಬೇಕು? ನಂಬರ್ ಬಿಡಿ, ಬರೆದವರನ್ನು ಹಿಡಿಯಿರಿ

'ಬ್ಯಾಟ್‌ಮ್ಯಾನ್, ಸಂಚಿಕೆ 1' ಅಂತ ಮುಖಪುಟದಲ್ಲಿ ಅಚ್ಚಾದ ಕಾಮಿಕ್ಸ್ ಒಂದೇ ಅಲ್ಲ. 1940ರಲ್ಲಿ ಒಂದು ಬಂತು. 2011ರಲ್ಲಿ ಮತ್ತೆ ಒಂದರಿಂದ ಎಣಿಸಿದರು. 2016ರಲ್ಲಿ ಇನ್ನೊಮ್ಮೆ, 2025ರಲ್ಲಿ ಮಗದೊಮ್ಮೆ. 'ಅಮೇಜಿಂಗ್ ಸ್ಪೈಡರ್‌ಮ್ಯಾನ್' ಕತೆ ಇನ್ನೂ ಮಜಾ. 1963ರಲ್ಲಿ ಶುರುವಾದ ಆ ಸರಣಿಗೆ 1999, 2014, 2015, 2018, 2022, 2025ರಲ್ಲೆಲ್ಲ ಹೊಸ 'ಸಂಚಿಕೆ 1' ಬಂದಿದೆ. ನಡುವೆ 2003ರಲ್ಲಿ 58ನೇ ಸಂಚಿಕೆಯ ನಂತರ ಸೀದಾ 500ನೇ ಸಂಚಿಕೆ ಬಂತು. ಅದು ಅಚ್ಚಿನ ತಪ್ಪಲ್ಲ. ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಕೂಡಿಸಿದರು, ಅಷ್ಟೆ.

ಮಂಗಳೂರಿನ ಮಾಲ್‌ಗಳಲ್ಲಿ ಮಾರ್ವೆಲ್ ಸಿನಿಮಾ ನೋಡಿ ಬಂದ ಹುಡುಗರಿಗೆ, ಹುಡುಗಿಯರಿಗೆ ಕಾಮಿಕ್ಸ್ ಓದುವ ಆಸೆ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಂಬತ್ತು ವರ್ಷದ ಇತಿಹಾಸ ಮೈಮೇಲೆ ಬಿದ್ದಂತಾಗುತ್ತದೆ. ಅಲ್ಲಿಗೆ ಆಸೆ ಮುಗಿಯಿತು. ದೊಡ್ಡ ಊರುಗಳ ಹಾಗೆ ಕೌಂಟರಿನ ಹಿಂದೆ ಕುಳಿತು 'ನೀವು ಇದರಿಂದ ಶುರು ಮಾಡಿ' ಎನ್ನುವ ಕಾಮಿಕ್ಸ್ ಅಂಗಡಿಯವರು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಈ ಬರಹ ಅವರ ಬದಲಿಗೆ.

ಮೊದಲ ಹೆಜ್ಜೆ: ಒಂದನೇ ನಂಬರಿನ ಹಟ ಬಿಡಿ

ತಾಳಮದ್ದಲೆಗೆ ಹೋಗುವವರು ಕೇಳುವುದು 'ಇವತ್ತು ಕರ್ಣ ಯಾರದು?' ಅಂತ. 'ಆದಿಪರ್ವದಿಂದ ಕೇಳಿಕೊಂಡು ಬಂದಿದ್ದೀರಾ?' ಅಂತ ಯಾರೂ ಕೇಳುವುದಿಲ್ಲ. ಪ್ರಸಂಗ ಅದೇ ಕರ್ಣಪರ್ವ. ಆದರೆ ಅರ್ಥಧಾರಿ ಬದಲಾದರೆ ಕರ್ಣನೇ ಬೇರೆ. ಸೂಪರ್‌ಹೀರೋ ಕಾಮಿಕ್ಸ್ ಕೂಡ ಹಾಗೆಯೇ. ಪಾತ್ರ ಕಂಪನಿಯದ್ದು, ಬರೆಯುವವರು ಬರುತ್ತಾರೆ, ಹೋಗುತ್ತಾರೆ. ಒಬ್ಬರು ಒಂದು ಸರಣಿಯನ್ನು ಕೈಗೆತ್ತಿಕೊಂಡು ಬಿಡುವವರೆಗಿನ ಕಾಲಕ್ಕೆ ಓದುಗರು 'ರನ್' ಎನ್ನುತ್ತಾರೆ. ನೀವು ಹುಡುಕಬೇಕಾದದ್ದು ಒಂದು ಒಳ್ಳೆಯ ರನ್‌ನ ಮೊದಲ ಸಂಚಿಕೆಯನ್ನು.

ಆ ಮೊದಲ ಸಂಚಿಕೆಯ ಮೇಲೆ ಯಾವ ನಂಬರ್ ಬೇಕಾದರೂ ಇರಬಹುದು. ಬ್ಯಾಟ್‌ಮ್ಯಾನ್ ಓದಲು ಶುರು ಮಾಡುವವರಿಗೆ ಹೆಚ್ಚಿನವರು ಹೇಳುವ 'ಇಯರ್ ಒನ್' ಕತೆ 1987ರಲ್ಲಿ ಬಂದದ್ದು 404ರಿಂದ 407ನೇ ಸಂಚಿಕೆಗಳಲ್ಲಿ. ಫ್ರಾಂಕ್ ಮಿಲ್ಲರ್ ಡೇರ್‌ಡೆವಿಲ್ ಎಂಬ ಹೀರೋನ ಸರಣಿ ಬರೆಯಲು ಕುಳಿತದ್ದು 168ನೇ ಸಂಚಿಕೆಗೆ. ಎಕ್ಸ್‌ಮೆನ್ ಅಂದರೆ ಇವತ್ತು ನಮಗೆ ನೆನಪಾಗುವ ವುಲ್ವರಿನ್, ಸ್ಟಾರ್ಮ್, ನೈಟ್‌ಕ್ರಾಲರ್ ತಂಡದ ಕತೆಯನ್ನು ಕ್ರಿಸ್ ಕ್ಲೇರ್‌ಮಾಂಟ್ ಕೈಗೆತ್ತಿಕೊಂಡದ್ದು 94ರಿಂದ. ಒಂದನೇ ನಂಬರಿನಿಂದಲೇ ಬರುತ್ತೇನೆ ಎಂದು ಹೊರಟವರು ಇಲ್ಲಿಗೆ ಮುಟ್ಟುವ ಮೊದಲೇ ಸುಸ್ತಾಗಿ ಬಿಟ್ಟುಬಿಡುತ್ತಾರೆ.

ನಮ್ಮ ಅಪ್ಪ-ಅಮ್ಮಂದಿರ ಕಾಲದ ಇಂದ್ರಜಾಲ ಕಾಮಿಕ್ಸ್ ನೆನಪಿಸಿಕೊಳ್ಳಿ. ಅದರಲ್ಲಿ ಬರುತ್ತಿದ್ದ ಹೀರೋ ಫ್ಯಾಂಟಮ್ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದದ್ದು 1936ರಲ್ಲಿ. ಇಂದ್ರಜಾಲ ಬಂದದ್ದು 1964ರಲ್ಲಿ. ಅಂದರೆ ನಮ್ಮ ದೇಶದ ಒಂದಿಡೀ ತಲೆಮಾರು ಫ್ಯಾಂಟಮ್‌ನನ್ನು ನಡುವಿನಿಂದಲೇ ಓದಿದ್ದು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ವಾರ ಯಾವುದು ನೇತಾಡುತ್ತಿತ್ತೋ ಅದೇ ಮೊದಲ ಸಂಚಿಕೆ. ಯಾರಿಗೂ ಏನೂ ತೊಂದರೆಯಾಗಲಿಲ್ಲ. ಅಂದ ಹಾಗೆ, ಇಂದ್ರಜಾಲದ ಆರಂಭದ ದಿನಗಳಲ್ಲಿ ಅದರ ಕೆಲಸದಲ್ಲಿದ್ದ ಅನಂತ ಪೈ ನಮ್ಮ ಕಾರ್ಕಳದವರು. ಮುಂದೆ 1967ರಲ್ಲಿ ಅಮರ ಚಿತ್ರ ಕಥೆ ಹೊರಡಿಸಿದ್ದು ಅವರೇ.

'ಆದರೂ ಹಳೆಯ ಕತೆ ಗೊತ್ತಿರಬೇಕಲ್ವಾ?' ಅಂತ ಒಂದು ಅನುಮಾನ ಉಳಿಯುತ್ತದೆ. ಪೂರ್ತಿ ಗೊತ್ತಿರಲು ಸಾಧ್ಯವೇ ಇಲ್ಲ. ಯಾಕೆಂದರೆ ಕಂಪನಿಗಳೇ ಅದನ್ನು ಅಳಿಸುತ್ತಾ, ತಿದ್ದುತ್ತಾ ಬಂದಿವೆ. 1962ರಲ್ಲಿ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಹೈಸ್ಕೂಲ್ ಹುಡುಗ. ನಿಜವಾದ ಕ್ಯಾಲೆಂಡರ್ ಪ್ರಕಾರ ಇಷ್ಟು ಹೊತ್ತಿಗೆ ಅವನಿಗೆ ಎಂಬತ್ತು ಹತ್ತಿರ ಬರಬೇಕಿತ್ತು. ಹಾಗಾಗಿ ಮಾರ್ವೆಲ್ ಕತೆಯ ಕಾಲವನ್ನೇ ಮುಂದಕ್ಕೆ ಜಾರಿಸುತ್ತಾ ಹೋಗುತ್ತದೆ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ಗಳ ಡಿಸಿ ಕಂಪನಿಯದ್ದು ಬೇರೆ ದಾರಿ. 1985-86ರಲ್ಲಿ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್' ಎಂಬ 12 ಸಂಚಿಕೆಗಳ ಕತೆಯಲ್ಲಿ ತನ್ನ ಹಳೆಯ ಲೋಕಗಳನ್ನೆಲ್ಲ ಕೆಡವಿ ಒಂದೇ ಲೋಕ ಮಾಡಿತು. 2011ರಲ್ಲಿ 52 ಸರಣಿಗಳನ್ನು ಒಟ್ಟಿಗೇ ಒಂದರಿಂದ ಶುರು ಮಾಡಿತು. 2016ರಲ್ಲಿ ಅದರಲ್ಲಿ ಕಳೆದುಹೋಗಿದ್ದ ಒಂದಷ್ಟನ್ನು ವಾಪಸ್ ತಂದಿತು. ಬರೆಯುವವರಿಗೇ ಪೂರ್ತಿ ಲೆಕ್ಕ ಇಲ್ಲದಿರುವಾಗ ನಿಮಗೆ ಯಾಕೆ ಮಾರಾಯ್ರೇ ಆ ತಲೆಬಿಸಿ?

ಎರಡನೆಯದು: ಏನು ಬೇಕು ಅಂತ ನಿಮಗೇ ಹೇಳಿಕೊಳ್ಳಿ

ಇದಕ್ಕೆ ಎರಡು ನಿಮಿಷ ಸಾಕು. ಸಿನಿಮಾದಲ್ಲಿ ನೋಡಿದ ಹೀರೋ ಇಷ್ಟವಾಗಿ ಬಂದಿದ್ದೀರಾ? ಪತ್ತೇದಾರಿ ಕತೆ ಇಷ್ಟವಾ? ನಗು ಬೇಕಾ? ಚಿತ್ರ ನೋಡುವುದೇ ಮುಖ್ಯವಾ? 'ಬ್ಯಾಟ್‌ಮ್ಯಾನ್ ಓದಬೇಕು' ಎಂದರೆ ಉತ್ತರ ಸಿಗುವುದಿಲ್ಲ. 'ಬ್ಯಾಟ್‌ಮ್ಯಾನ್‌ನ ಕೊಲೆ ಕೇಸಿನ ಕತೆ ಬೇಕು' ಎಂದರೆ ತಕ್ಷಣ ಸಿಗುತ್ತದೆ.

ಎಷ್ಟು ಓದಲು ಆಗುತ್ತದೆ ಅಂತಲೂ ನೋಡಿಕೊಳ್ಳಿ. ಒಂದು ಮಾಸಿಕ ಸಂಚಿಕೆಯಲ್ಲಿ ಕತೆಗೆ ಇರುವುದು ಇಪ್ಪತ್ತು ಚಿಲ್ಲರೆ ಪುಟ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಓಡಾಡುವವರು ಹೋಗುವಾಗ ಮೂರು, ಬರುವಾಗ ಮೂರು ಆರಾಮಾಗಿ ಮುಗಿಸಬಹುದು. ಸೀಟು ಸಿಕ್ಕಿದರೆ.

ಮೂರನೆಯದು: ಹೀರೋ ಹಿಡಿದು, ಬರಹಗಾರರನ್ನು ಆರಿಸಿ

ಇಲ್ಲಿಂದ ಮುಂದೆ ನನ್ನ ಆಯ್ಕೆಗಳು. ಬೇರೆಯವರು ಬೇರೆ ಹೇಳಬಹುದು, ಜಗಳವಿಲ್ಲ.

ಬ್ಯಾಟ್‌ಮ್ಯಾನ್‌ಗೆ ಮೂರು ಒಳ್ಳೆಯ ಬಾಗಿಲುಗಳಿವೆ. ಮೊದಲನೆಯದು ಆಗಲೇ ಹೇಳಿದ 'ಇಯರ್ ಒನ್'. ಬರೆದವರು ಫ್ರಾಂಕ್ ಮಿಲ್ಲರ್, ಚಿತ್ರ ಡೇವಿಡ್ ಮಜುಕೆಲ್ಲಿ. ನಾಲ್ಕೇ ಸಂಚಿಕೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಇದರಲ್ಲಿ ಬ್ಯಾಟ್‌ಮ್ಯಾನ್‌ನಷ್ಟೇ ಜಾಗ ಪೊಲೀಸ್ ಅಧಿಕಾರಿ ಜಿಮ್ ಗಾರ್ಡನ್‌ಗೂ ಇದೆ. ಕೊಳೆತುಹೋದ ಇಲಾಖೆಗೆ ವರ್ಗವಾಗಿ ಬಂದ ಒಬ್ಬ ಪ್ರಾಮಾಣಿಕ ಮನುಷ್ಯ ಏನೇನು ಅನುಭವಿಸುತ್ತಾನೆ ಎಂಬುದೇ ಅರ್ಧ ಕತೆ. ಅದು ಹಿಡಿಸಿದರೆ ಜೆಫ್ ಲೋಬ್, ಟಿಮ್ ಸೇಲ್ ಜೋಡಿಯ 'ದ ಲಾಂಗ್ ಹ್ಯಾಲೊವೀನ್' ತೆಗೆದುಕೊಳ್ಳಿ. 1996-97ರಲ್ಲಿ ಬಂದ 13 ಸಂಚಿಕೆಗಳು. ಒಂದೊಂದು ಹಬ್ಬದ ದಿನ ಒಂದೊಂದು ಕೊಲೆ, ಕೊಂದವರು ಯಾರು ಅಂತ ವರ್ಷವಿಡೀ ಹುಡುಕಾಟ. ಪತ್ತೇದಾರಿ ಪ್ರಿಯರು ಇದರಿಂದಲೇ ಶುರು ಮಾಡಿದರೂ ನಡೆಯುತ್ತದೆ.

ಹೊಸ ಕಾಲದ ವೇಗ ಬೇಕು ಅನ್ನುವವರಿಗೆ ಸ್ಕಾಟ್ ಸ್ನೈಡರ್, ಗ್ರೆಗ್ ಕಪುಲೊ 2011ರಲ್ಲಿ ಶುರು ಮಾಡಿದ 'ಕೋರ್ಟ್ ಆಫ್ ಔಲ್ಸ್'. ಊರಿನ ಹಳೆಯ ಸಿರಿವಂತ ಮನೆತನಗಳ ಗುಪ್ತ ಕೂಟದ ಕತೆ. ಅದರ ಐದನೇ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಒಂದು ಚಕ್ರವ್ಯೂಹದಲ್ಲಿ ದಾರಿ ತಪ್ಪುತ್ತಾನೆ. ಪುಟಗಳೂ ಅವನ ಜೊತೆ ಅಡ್ಡಡ್ಡ, ತಲೆಕೆಳಗೆ ಆಗುತ್ತಾ ಹೋಗುತ್ತವೆ. ಪುಸ್ತಕವನ್ನೇ ತಿರುಗಿಸಿ ಓದಬೇಕು. ಫೋನಿನಲ್ಲಿ ಓದುವವರು ಆಟೊ ರೊಟೇಟ್ ಆಫ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಎಲ್ಲ ಪಟ್ಟಿಗಳಲ್ಲೂ ಮೇಲೆಯೇ ಇರುವ 'ದ ಡಾರ್ಕ್ ನೈಟ್ ರಿಟರ್ನ್ಸ್' ಅನ್ನು ನಾನು ಮೊದಲ ಪುಸ್ತಕವಾಗಿ ಯಾರಿಗೂ ಹೇಳುವುದಿಲ್ಲ. ಅದು 1986ರ ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಅದು ಹತ್ತು ವರ್ಷ ಎಲ್ಲ ಬಿಟ್ಟು ಕುಳಿತ ವಯಸ್ಸಾದ ಬ್ಯಾಟ್‌ಮ್ಯಾನ್ ಮತ್ತೆ ಎದ್ದು ಬರುವ ಕತೆ. ಅವನ ಯೌವನವನ್ನೇ ನೋಡದವರಿಗೆ ಆ ಮುಪ್ಪು ನಾಟುವುದಿಲ್ಲ. 'ದ ಕಿಲ್ಲಿಂಗ್ ಜೋಕ್' ಕೂಡ ಆಮೇಲೆ ಇರಲಿ. ಮಕ್ಕಳ ಕೈಗಂತೂ ಬೇಡ.

ಸ್ಪೈಡರ್‌ಮ್ಯಾನ್ ವಿಷಯದಲ್ಲಿ ನಿಮ್ಮ ವಯಸ್ಸು ಕೇಳಬೇಕಾಗುತ್ತದೆ. ಹೈಸ್ಕೂಲ್, ಪಿಯುಸಿ ಓದುವವರಾದರೆ 2000ದಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್'. ಬ್ರಯಾನ್ ಮೈಕೆಲ್ ಬೆಂಡಿಸ್ ಬರೆದು ಮಾರ್ಕ್ ಬ್ಯಾಗ್ಲಿ ಚಿತ್ರ ಬರೆದದ್ದು. ಇದು ಹಳೆಯ ಕತೆಯ ಮುಂದುವರಿಕೆಯಲ್ಲ, ಬೇರೆಯೇ ಲೋಕ, ಮೊದಲಿನಿಂದ ಹೊಸದಾಗಿ ಹೇಳಿದ್ದು. 1962ರಲ್ಲಿ ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ 11 ಪುಟಗಳಲ್ಲಿ ಮುಗಿಸಿದ ಹುಟ್ಟಿನ ಕತೆಗೆ ಇವರು ಏಳು ಸಂಚಿಕೆ ತೆಗೆದುಕೊಂಡಿದ್ದಾರೆ. ಅಷ್ಟು ನಿಧಾನ. ಆ ನಿಧಾನವೇ ಅದರ ರುಚಿ. ಶಾಲೆ, ಗೆಳೆಯರು, ಮನೆಯ ಕಷ್ಟ ಎಲ್ಲಕ್ಕೂ ಜಾಗ ಇದೆ. ಇಬ್ಬರೂ ಒಟ್ಟಿಗೆ 111 ಸಂಚಿಕೆ ಮಾಡಿದರು. ಹಾಗಾಗಿ ಎಲ್ಲಿಯೂ ಮುಖಗಳು ಬದಲಾಗುವುದಿಲ್ಲ, ಹೊಸ ಓದುಗರಿಗೆ ಅದು ದೊಡ್ಡ ಅನುಕೂಲ.

ಮದುವೆಯಾಗಿ, ಮಕ್ಕಳಾಗಿ, ಇಎಂಐ ಕಟ್ಟುತ್ತಿರುವವರಿಗೆ ಅದೇ ಹೆಸರಿನ ಬೇರೆ ಸರಣಿ ಇದೆ. 2024ರಲ್ಲಿ ಜೊನಾಥನ್ ಹಿಕ್‌ಮನ್, ಮಾರ್ಕೊ ಕೆಕೆಟ್ಟೊ ಶುರು ಮಾಡಿದ್ದು. ಇದರಲ್ಲಿ ಪೀಟರ್‌ಗೆ ಶಕ್ತಿ ಬರುವ ಹೊತ್ತಿಗೆ ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಆರ್ಡರ್ ಮಾಡುವಾಗ ಬರಹಗಾರರ ಹೆಸರು ನೋಡದಿದ್ದರೆ ಎಡವಟ್ಟಾಗುತ್ತದೆ.

ಮೂಲ ಲೋಕದ ಸ್ಪೈಡರ್‌ಮ್ಯಾನ್ನೇ ಬೇಕು ಎಂದರೆ, 2001ರಲ್ಲಿ ಜೆ. ಮೈಕೆಲ್ ಸ್ಟ್ರಾಜಿನ್ಸ್‌ಕಿ ಬಂದ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 30ನೇ ಸಂಚಿಕೆಯಿಂದ (1999ರ ಎಣಿಕೆಯದ್ದು) ಹಿಡಿಯಿರಿ. ಪೀಟರ್ ಇಲ್ಲಿ ದೊಡ್ಡವನಾಗಿದ್ದಾನೆ, ತಾನು ಓದಿದ ಶಾಲೆಗೇ ಮೇಷ್ಟ್ರಾಗುತ್ತಾನೆ. ಜಾನ್ ರೊಮಿಟಾ ಜೂನಿಯರ್ ಚಿತ್ರ ಇರುವ ಭಾಗ ನನಗೆ ಹೆಚ್ಚು ಇಷ್ಟ.

ಸೂಪರ್‌ಮ್ಯಾನ್‌ಗೆ ಒಂದೇ ಉತ್ತರ: 'ಆಲ್ ಸ್ಟಾರ್ ಸೂಪರ್‌ಮ್ಯಾನ್'. ಗ್ರಾಂಟ್ ಮಾರಿಸನ್, ಫ್ರಾಂಕ್ ಕ್ವೈಟ್ಲಿ, 2005ರಿಂದ 2008, 12 ಸಂಚಿಕೆ. 1938ರಿಂದ ಎಲ್ಲರೂ ಹೇಳುತ್ತಾ ಬಂದ ಹುಟ್ಟಿನ ಕತೆಯನ್ನು ಇವರು ಮೊದಲ ಪುಟದ ನಾಲ್ಕೇ ಚಿತ್ರಗಳಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಹಿಂದಿನದ್ದು ಗೊತ್ತಿಲ್ಲದಿದ್ದರೆ ಓದಲಾಗದು ಎಂಬ ಹೆದರಿಕೆಗೆ ಆ ಒಂದು ಪುಟ ಸಾಕು. ಇನ್ನೊಂದು ಮಾತು, ಸೂಪರ್‌ಮ್ಯಾನ್ ಬೋರ್ ಎನ್ನುವವರಿಗೆ ಸುಮ್ನೆ ಈ ಪುಸ್ತಕ ಕೊಡಿ, ವಾದ ಮಾಡಬೇಡಿ.

ಎಕ್ಸ್‌ಮೆನ್ ಎಲ್ಲಕ್ಕಿಂತ ಕಷ್ಟ. ಪಾತ್ರಗಳು ಜಾಸ್ತಿ, ಸಂಬಂಧಗಳು ಇನ್ನೂ ಜಾಸ್ತಿ, ಸತ್ತವರು ಎದ್ದು ಬರುವುದಂತೂ ಲೆಕ್ಕವೇ ಇಲ್ಲ. 1963ರಲ್ಲಿ ಶುರುವಾದ ಮೂಲ ಸರಣಿ ಸರಿಯಾಗಿ ಓಡಲಿಲ್ಲ. 1970ರಿಂದ 1975ರವರೆಗೆ ಹಳೆಯ ಕತೆಗಳನ್ನೇ ಮತ್ತೆ ಅಚ್ಚು ಹಾಕುತ್ತಿದ್ದರು. 1975ರಲ್ಲಿ 'ಜಯಂಟ್ ಸೈಜ್ ಎಕ್ಸ್‌ಮೆನ್' ಎಂಬ ಒಂದು ದಪ್ಪ ಸಂಚಿಕೆ ಬಂತು. ಬರೆದವರು ಲೆನ್ ವೀನ್, ಚಿತ್ರ ಡೇವ್ ಕಾಕ್ರಂ. ಬೇರೆಬೇರೆ ದೇಶಗಳಿಂದ ಆರಿಸಿದ ಹೊಸ ತಂಡ ಹುಟ್ಟಿದ್ದು ಅಲ್ಲಿ. ಅದರ ಬೆನ್ನಿಗೇ ಕ್ಲೇರ್‌ಮಾಂಟ್ ಬಂದರು, 1991ರವರೆಗೆ ಬಿಡಲಿಲ್ಲ. ತಾಳ್ಮೆ ಇರುವವರಿಗೆ ಇದೇ ರಾಜಮಾರ್ಗ. 1980ರ 'ಡಾರ್ಕ್ ಫೀನಿಕ್ಸ್' ಕತೆಯನ್ನು ಮಾತ್ರ ಕಿತ್ತು ಓದಬೇಡಿ. ತಂಡದ ಜೀನ್ ಗ್ರೇ ಜೊತೆ ಮೊದಲಿನಿಂದ ನಡೆದು ಬಂದವರಿಗೆ ಅದು ಎದೆ ಹಿಂಡುತ್ತದೆ, ಉಳಿದವರಿಗೆ ಬರೀ ಜೋರು ಗಲಾಟೆ. ಹಳೆಯ ಕಾಮಿಕ್ಸಿನಲ್ಲಿ ಮಾತು ಜಾಸ್ತಿ, ಒಂದೊಂದು ಚೌಕದಲ್ಲೂ ಅಕ್ಷರ ತುಂಬಿರುತ್ತದೆ. ಅದು ಆಗದಿದ್ದರೆ 2004ರಲ್ಲಿ ಶುರುವಾದ, ಜಾಸ್ ವೀಡನ್ ಬರೆದು ಜಾನ್ ಕ್ಯಾಸಡೇ ಚಿತ್ರಿಸಿದ 'ಅಸ್ಟಾನಿಷಿಂಗ್ ಎಕ್ಸ್‌ಮೆನ್' ಓದಿ. ಸಣ್ಣ ತಂಡ, 24 ಸಂಚಿಕೆ ಮತ್ತು ಕೊನೆಗೊಂದು ದಪ್ಪ ಸಂಚಿಕೆ, ಮುಗಿಯಿತು.

ದೊಡ್ಡ ಹೆಸರುಗಳೇ ಬೇಡ ಎನ್ನುವವರಿಗೂ ದಾರಿ ಇದೆ. 2014ರ 'ಮಿಸ್ ಮಾರ್ವೆಲ್' ಹದಿಹರೆಯದವರಿಗೆ ನಾನು ಕೊಡುವ ಮೊದಲ ಪುಸ್ತಕ. ಬರೆದವರು ಜಿ. ವಿಲ್ಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ. ಕಮಲಾ ಖಾನ್ ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಕುಟುಂಬದ ಹುಡುಗಿ. ರಾತ್ರಿ ಪಾರ್ಟಿಗೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ, ಅಮ್ಮನ ಬೈಗುಳ, ಅಪ್ಪನ ಚಿಂತೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಮಕ್ಕಳಿಗೆ ಯಾವ ಟಿಪ್ಪಣಿಯೂ ಬೇಡ. ಮ್ಯಾಟ್ ಫ್ರ್ಯಾಕ್ಷನ್, ಡೇವಿಡ್ ಆಹಾ ಅವರ 2012ರ 'ಹಾಕ್‌ಐ' 22 ಸಂಚಿಕೆಯಲ್ಲಿ ಮುಗಿಯುತ್ತದೆ. ಹೀರೋ ಕೆಲಸಕ್ಕೆ ರಜೆ ಇರುವ ದಿನ ಹಾಕ್‌ಐ ಏನು ಮಾಡುತ್ತಾನೆ ಎಂಬ ಕತೆ, ಬಾಡಿಗೆ ಮನೆಯ ಗಲಾಟೆ ಸಮೇತ.

ಇಷ್ಟು ಹೇಳಿದ ಮೇಲೂ 'ಇಲ್ಲ, ನನಗೆ ಒಂದರಿಂದಲೇ ಓದಬೇಕು, ಕೊನೆವರೆಗೂ ಓದಬೇಕು' ಅನ್ನುವವರು ಇರುತ್ತಾರೆ. ಅವರು ರಾಬರ್ಟ್ ಕಿರ್ಕ್‌ಮನ್ ಬರೆದ 'ಇನ್‌ವಿನ್ಸಿಬಲ್' ಹಿಡಿಯಲಿ. 2003ರಲ್ಲಿ ಶುರು, 2018ರಲ್ಲಿ ಮುಕ್ತಾಯ, 144 ಸಂಚಿಕೆ, ಬರೆದವರು ಮೊದಲಿನಿಂದ ಕೊನೆಯವರೆಗೆ ಒಬ್ಬರೇ. ಮೂರು ದಪ್ಪ ಸಂಪುಟಗಳಲ್ಲಿ ಸಿಗುತ್ತದೆ. ರಕ್ತಪಾತ ಜಾಸ್ತಿ, ಅದು ಗೊತ್ತಿರಲಿ.

ನಾಲ್ಕನೆಯದು: ದುಡ್ಡು ಕೊಡುವ ಮೊದಲು ನೋಡಬೇಕಾದ್ದು

ಬಿಡಿ ಸಂಚಿಕೆಗಳನ್ನು ಹುಡುಕಲು ಹೋಗಬೇಡಿ. ಐದಾರು ಸಂಚಿಕೆ ಸೇರಿಸಿ ಬೈಂಡ್ ಮಾಡಿದ ಪುಸ್ತಕಕ್ಕೆ ಟ್ರೇಡ್ ಪೇಪರ್‌ಬ್ಯಾಕ್ ಎನ್ನುತ್ತಾರೆ. ಹೊಸಬರಿಗೆ ಅದೇ ಸರಿ. ಇಪ್ಪತ್ತು ಮೂವತ್ತು ಸಂಚಿಕೆ ಸೇರಿಸಿದ, ಇಟ್ಟಿಗೆಯಷ್ಟು ದಪ್ಪದ ಓಮ್ನಿಬಸ್ ನೋಡಲು ಚಂದ. ಆದರೆ ಮಲಗಿಕೊಂಡು ಓದುವ ಹಾಗಿಲ್ಲ, ಕೈ ನೋಯುತ್ತದೆ. ಮೊದಲ ಖರೀದಿಗೆ ಅದು ಬೇಡವೇ ಬೇಡ. ಇಷ್ಟವಾಗದಿದ್ದರೆ ಸಾವಿರಾರು ರೂಪಾಯಿ ಕಪಾಟಿನಲ್ಲಿ ಕೂರುತ್ತದೆ.

'ಸಂಪುಟ 1' ಎಂಬ ಮಾತನ್ನು ನಂಬಬೇಡಿ. 'ದ ಕೋರ್ಟ್ ಆಫ್ ಔಲ್ಸ್' ಕೂಡ ಬ್ಯಾಟ್‌ಮ್ಯಾನ್ ಸಂಪುಟ 1. ಟಾಮ್ ಕಿಂಗ್ ಅವರ 'ಐ ಆಮ್ ಗಾಥಂ' ಕೂಡ ಸಂಪುಟ 1. ಜೇಮ್ಸ್ ಟೈನಿಯನ್ ಅವರ 'ದೇರ್ ಡಾರ್ಕ್ ಡಿಸೈನ್ಸ್', ಚಿಪ್ ಜ್ಡಾರ್ಸ್‌ಕಿ ಅವರ 'ಫೇಲ್‌ಸೇಫ್' ಕೂಡ ಸಂಪುಟ 1. ಆನ್‌ಲೈನ್‌ನಲ್ಲಿ ಹುಡುಕುವಾಗ ಹೀರೋ ಹೆಸರಿನ ಜೊತೆ ಬರಹಗಾರರ ಹೆಸರು ಮತ್ತು ಉಪಶೀರ್ಷಿಕೆ ಎರಡನ್ನೂ ಟೈಪ್ ಮಾಡಿ.

ಆಮೇಲೆ ಪುಸ್ತಕದ ವಿವರ ಓದಿ. ಯಾವ ಸರಣಿಯ ಎಷ್ಟರಿಂದ ಎಷ್ಟನೇ ಸಂಚಿಕೆ ಒಳಗಿವೆ ಎಂದು ಅಲ್ಲಿ ಬರೆದಿರುತ್ತದೆ. ಪುಸ್ತಕ ಕೈಯಲ್ಲಿದ್ದರೆ ಹಿಂಬದಿ ರಕ್ಷಾಪುಟದಲ್ಲಿ ಅಥವಾ ಒಳಗಿನ ಹಕ್ಕುಸ್ವಾಮ್ಯದ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಂಬರ್ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ. ಮೊದಲ ಪುಸ್ತಕ 7ಕ್ಕೆ ನಿಂತರೆ ಮುಂದಿನದ್ದು 8ರಿಂದ ಇರಬೇಕು, ಅಷ್ಟೆ ಲೆಕ್ಕ. ಮಾರ್ವೆಲ್‌ನ ಈಚಿನ ಮುಖಪುಟಗಳಲ್ಲಿ ದೊಡ್ಡ ನಂಬರಿನ ಪಕ್ಕ ಎಲ್‌ಜಿವೈ ಎಂದು ಇನ್ನೊಂದು ನಂಬರ್ ಕಾಣುತ್ತದೆ. ಅದು ಮೊದಲಿನಿಂದ ಎಣಿಸಿದ ಒಟ್ಟು ಲೆಕ್ಕ, ನಿಮಗೆ ಬೇಡ. ಮಕ್ಕಳಿಗೆ ಕೊಳ್ಳುವುದಾದರೆ ಹಿಂಬದಿಯಲ್ಲಿ ವಯಸ್ಸಿನ ಸೂಚನೆಯನ್ನೂ ನೋಡಿ.

ಕಡಿಮೆ ಖರ್ಚಿಗೆ ಒಂದು ದಾರಿ: 2024ರಿಂದ ಡಿಸಿ 'ಕಾಂಪ್ಯಾಕ್ಟ್ ಕಾಮಿಕ್ಸ್' ಎಂಬ ಸಣ್ಣ ಗಾತ್ರದ ಪುಸ್ತಕಗಳನ್ನು ತರುತ್ತಿದೆ. ನಮ್ಮ ಡೆಮಿ 1/8 ಕಾದಂಬರಿಯ ಅಳತೆ, ಬ್ಯಾಗಿನಲ್ಲಿ ಹಿಡಿಯುತ್ತದೆ. 'ಆಲ್ ಸ್ಟಾರ್ ಸೂಪರ್‌ಮ್ಯಾನ್', 'ಕೋರ್ಟ್ ಆಫ್ ಔಲ್ಸ್' ಎರಡೂ ಅದರಲ್ಲಿ ಬಂದಿವೆ. ಕನ್ನಡಕ ಹಾಕುವವರಿಗೆ ಅಕ್ಷರ ಸ್ವಲ್ಪ ಚಿಕ್ಕದಾಗಬಹುದು.

ಐದನೆಯದು: ಓದುವಾಗ ಅರ್ಥವಾಗದಿದ್ದರೆ

ಅರ್ಥವಾಗದ್ದು ಖಂಡಿತ ಇರುತ್ತದೆ. ಯಾರೋ ಒಬ್ಬ ಬಂದು ಹಳೆಯ ದ್ವೇಷದ ಮಾತಾಡುತ್ತಾನೆ. ಚೌಕದ ಮೂಲೆಯಲ್ಲಿ ನಕ್ಷತ್ರದ ಗುರುತು ಹಾಕಿ 'ಇದಕ್ಕೆ ಇಂಥ ಸಂಚಿಕೆ ನೋಡಿ' ಎಂದು ಸಂಪಾದಕರು ಬರೆದಿರುತ್ತಾರೆ. ಅದು ಹೋಂವರ್ಕ್ ಅಲ್ಲ. ನೋಡದೆ ಮುಂದೆ ಹೋಗಿ. ಆ ಮನುಷ್ಯನಿಗೂ ಹೀರೋಗೂ ಆಗಿಬರುವುದಿಲ್ಲ ಎಂದು ಗೊತ್ತಾದರೆ ಕತೆಗೆ ಬೇಕಾದಷ್ಟು ಸಿಕ್ಕಿತು.

ವಿಕಿಯಲ್ಲಿ ಹುಡುಕುವ ಚಟ ಮಾತ್ರ ಬೇಡ. ಒಂದು ಹೆಸರು ನೋಡಲು ಹೋಗಿ ಆ ಪಾತ್ರ ಮುಂದೆ ಹೇಗೆ ಸಾಯುತ್ತದೆ ಎಂಬುದನ್ನೂ ಓದಿಕೊಂಡು ಬರುತ್ತೀರಿ.

ನನ್ನ ನಿಯಮ ಮೂರು ಸಂಚಿಕೆ. ಮೊದಲನೆಯದರಲ್ಲಿ ಯಾರು ಯಾರೆಂದು ತಿಳಿಯದಿದ್ದರೆ ಪರವಾಗಿಲ್ಲ. ಎರಡನೆಯದರಲ್ಲಿ ಮುಖಗಳು ಪರಿಚಯವಾಗಬೇಕು. ಮೂರನೆಯದು ಮುಗಿದಾಗ ಮುಂದೇನು ಎಂಬ ಕುತೂಹಲ ಹುಟ್ಟದಿದ್ದರೆ ಆ ರನ್ ನಿಮ್ಮದಲ್ಲ. ಎಷ್ಟೇ ಪ್ರಶಸ್ತಿ ಬಂದಿದ್ದರೂ ಮುಚ್ಚಿಡಿ.

ಆರನೆಯದು: ಕ್ರಾಸ್‌ಓವರ್ ಬಂದಾಗ

ನೀವು ಒಂದು ಸರಣಿ ಓದುತ್ತಿರುತ್ತೀರಿ. ಇದ್ದಕ್ಕಿದ್ದಂತೆ ಕಂಪನಿಯ ಎಲ್ಲ ಹೀರೋಗಳೂ ಸೇರುವ ದೊಡ್ಡ ಕತೆ ನಡುವೆ ನುಗ್ಗುತ್ತದೆ. ಸ್ಟ್ರಾಜಿನ್ಸ್‌ಕಿಯ ಸ್ಪೈಡರ್‌ಮ್ಯಾನ್ ಓದುವವರಿಗೆ 2006ರಲ್ಲಿ 'ಸಿವಿಲ್ ವಾರ್' ಎದುರಾಗುತ್ತದೆ. ಅದರ ಮುಖ್ಯ ಕತೆ ಏಳೇ ಸಂಚಿಕೆ. ಆದರೆ ಅದಕ್ಕೆ ತಗುಲಿಕೊಂಡ ಬೇರೆಬೇರೆ ಸರಣಿಗಳ ಸಂಚಿಕೆಗಳು ರಾಶಿ ಇವೆ. ಎಲ್ಲ ಓದಬೇಕೆಂದು ಹೇಳುವ ಪಟ್ಟಿಗಳು ಮಾರಾಟಕ್ಕೆ ಅನುಕೂಲ, ಓದಿಗೆ ಅಲ್ಲ. ಆ ಏಳು ಓದಿ, ನಿಮ್ಮ ಸರಣಿಗೆ ವಾಪಸ್ ಬನ್ನಿ. ಹೆಸರು ಕೇಳಿದ್ದೇವೆ ಅಂತ 'ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ಥ್ಸ್'ನಿಂದ ಓದು ಶುರು ಮಾಡುವುದಂತೂ ಬೇಡ. ಪುಟಕ್ಕೆ ಹತ್ತಾರು ಮುಖ, ಒಂದೂ ಪರಿಚಯದ್ದಲ್ಲ.

ಏಳನೆಯದು: ನಮ್ಮ ಕಡೆ ಹುಡುಕುವುದು, ಮಳೆಗಾಲದಲ್ಲಿ ಕಾಪಾಡುವುದು

ಮಂಗಳೂರು, ಉಡುಪಿ, ಮಣಿಪಾಲದ ಪುಸ್ತಕದ ಅಂಗಡಿಗಳಲ್ಲಿ ಒಂದೆರಡು ಸಾಲು ಕಾಮಿಕ್ಸ್ ಕಾಣಬಹುದು. ಆದರೆ ನಿಮಗೆ ಬೇಕಾದ ರನ್‌ನ ಮೊದಲ ಪುಸ್ತಕವೇ ಅಲ್ಲಿರುತ್ತದೆ ಅಂತಿಲ್ಲ. ಮೂರನೆಯದು ಇದ್ದರೆ, ಇದೆ ಎಂಬ ಕಾರಣಕ್ಕೆ ಕೊಳ್ಳಬೇಡಿ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವ ಕೆಲಸ ಇದ್ದರೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಎರಡನ್ನೂ ನೋಡಿ ಬನ್ನಿ. ಸೆಕೆಂಡ್ ಹ್ಯಾಂಡ್ ರಾಶಿಯಲ್ಲಿ ಅದೃಷ್ಟ ಇದ್ದರೆ ಒಳ್ಳೆಯದು ಸಿಗುತ್ತದೆ. ಮಣಿಪಾಲದಲ್ಲಿ, ಸುರತ್ಕಲ್‌ನಲ್ಲಿ ಓದು ಮುಗಿಸಿ ಊರು ಬಿಡುವ ವಿದ್ಯಾರ್ಥಿಗಳು ಪುಸ್ತಕ ಮಾರುವುದುಂಟು, ಪರಿಚಯದವರಿದ್ದರೆ ಹೇಳಿಡಿ.

ಹೆಚ್ಚು ಓದುವವರಿಗೆ ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್ ಲಾಭ. ಚಂದಾ ಕಟ್ಟಿದರೆ ಹಳೆಯ ಸಂಚಿಕೆಗಳ ದೊಡ್ಡ ಭಂಡಾರವೇ ಸಿಗುತ್ತದೆ. ಹೊಸ ಸಂಚಿಕೆಗಳು ಅಚ್ಚಾದ ಸುಮಾರು ಮೂರು ತಿಂಗಳಿಗೆ ಅದರಲ್ಲಿ ಬರುತ್ತವೆ. ಫೋನಿಗಿಂತ ಟ್ಯಾಬ್ ಒಳ್ಳೆಯದು. ಚೌಕ ಚೌಕವಾಗಿ ತೋರಿಸುವ ವ್ಯವಸ್ಥೆಯಲ್ಲಿ ಇಡೀ ಪುಟವನ್ನು ಚಿತ್ರಕಾರರು ಹೇಗೆ ಕಟ್ಟಿದ್ದಾರೆ ಎಂಬುದು ತಪ್ಪಿಹೋಗುತ್ತದೆ.

ಅಚ್ಚಿನ ಪುಸ್ತಕ ಕೊಳ್ಳುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ವಿಷಯ ನೋಡಬೇಕು. ಒಂದು, ಕೊರಿಯರ್. ಬರೀ ಕಾಗದದ ಕವರಿನಲ್ಲಿ ಬಂದರೆ ಮೂಲೆ ಒದ್ದೆಯಾಗಿಯೇ ಇರುತ್ತದೆ. ಡೆಲಿವರಿಯವರ ಎದುರೇ ಕವರ್ ನೋಡಿ, ವಾಪಸ್ ಕೊಡುವುದಿದ್ದರೆ ಫೋಟೊ ತೆಗೆದಿಡಿ. ಎರಡು, ಬೂಷ್ಟು. ಕಾಮಿಕ್ಸಿನ ನುಣುಪು ಕಾಗದ ತೇವ ಕುಡಿದರೆ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಣಗಿದ ಮೇಲೆ ಬಿಡಿಸಲು ಹೋದರೆ ಬಣ್ಣ ಎದ್ದು ಬರುತ್ತದೆ. ಒದ್ದೆಯಾದ ಕೂಡಲೇ ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿಡಿ. ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ. ಹೊರಗೋಡೆಗೆ ತಾಗಿದ ಶೆಲ್ಫ್ ಬೇಡ, ಒಳಕೋಣೆಯ ಕಪಾಟಿನ ಮೇಲಿನ ಅಂತಸ್ತು ಇರಲಿ. ಮಧ್ಯೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ, ಪುಸ್ತಕವನ್ನೇ ಬಿಸಿಲಿಗೆ ಹಾಕಬೇಡಿ.

ಎಂಟನೆಯದು: ಬರೆದವರು ಬಿಟ್ಟಲ್ಲಿ ನೀವೂ ಬಿಡಿ

ರನ್ ಮುಗಿದ ಮೇಲೂ ಸರಣಿ ನಡೆಯುತ್ತಲೇ ಇರುತ್ತದೆ. ಅಭ್ಯಾಸಬಲದಿಂದ ಮುಂದಿನದ್ದನ್ನು ಕೊಳ್ಳಬೇಡಿ. ಇಷ್ಟವಾದದ್ದು ಹೀರೋನಾ, ಬರಹಗಾರರಾ, ಚಿತ್ರವಾ ಎಂದು ನೋಡಿ. ಬರಹಗಾರರಾದರೆ ಅವರು ಬೇರೆ ಏನು ಬರೆದಿದ್ದಾರೆ ಹುಡುಕಿ. ಬೆಂಡಿಸ್ ಹಿಡಿಸಿದವರು ಸ್ಪೈಡರ್‌ಮ್ಯಾನ್ ಬಿಟ್ಟು ಅವರ ಡೇರ್‌ಡೆವಿಲ್‌ಗೆ ಹೋಗಬಹುದು. ಮಿಲ್ಲರ್ ಮತ್ತು ಮಜುಕೆಲ್ಲಿ ಹಿಡಿಸಿದವರಿಗೆ ಅದೇ ಜೋಡಿಯ 1986ರ 'ಬಾರ್ನ್ ಅಗೇನ್' ಇದೆ, ಅದೂ ಡೇರ್‌ಡೆವಿಲ್ಲೇ.

ಒಬ್ಬರು ಬಿಟ್ಟ ಮೇಲೂ ಧೈರ್ಯವಾಗಿ ಮುಂದುವರಿಯಿರಿ ಎಂದು ನಾನು ಹೇಳುವ ಅಪರೂಪದ ಸರಣಿಯೂ ಇದೇ. ಬೆಂಡಿಸ್ ಮತ್ತು ಅಲೆಕ್ಸ್ ಮಲೀವ್ 2001ರಲ್ಲಿ ಇದನ್ನು ಕೈಗೆತ್ತಿಕೊಂಡರು. ಹೋಗುವಾಗ ಹೀರೋವನ್ನು ದೊಡ್ಡ ಪೇಚಿನಲ್ಲಿ ಸಿಕ್ಕಿಸಿ ಹೋದರು. 2006ರಲ್ಲಿ ಬಂದ ಎಡ್ ಬ್ರೂಬೇಕರ್, ಮೈಕೆಲ್ ಲಾರ್ಕ್ ಅದೇ ಪೇಚಿನಿಂದ ತಮ್ಮ ಮೊದಲ ಪುಟ ಶುರು ಮಾಡಿದರು. ಅದು ಮುಗಿದ ಮೇಲೆ 2010ರ 'ಶ್ಯಾಡೋಲ್ಯಾಂಡ್' ಬಿಟ್ಟರೂ ನಷ್ಟವಿಲ್ಲ. ಸೀದಾ ಮಾರ್ಕ್ ವೇಡ್ ಬರೆದ 2011ರ 'ಸಂಚಿಕೆ 1'ಕ್ಕೆ ಹಾರಿ. ಅಲ್ಲಿ ಡೇರ್‌ಡೆವಿಲ್ ಬಹಳ ವರ್ಷಗಳ ನಂತರ ನಗುತ್ತಾನೆ. ಅದು ಯಾಕೆ ದೊಡ್ಡ ವಿಷಯ ಎಂದು ಅಷ್ಟು ಹೊತ್ತಿಗೆ ನಿಮಗೆ ಗೊತ್ತಿರುತ್ತದೆ.